ಒಂದು ಅಗುಳು ಸಾಕೆ?

ಅನ್ನ ಬೆಂದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬ ಮಾತು ನಮ್ಮಲ್ಲಿ ಪ್ರಸಿದ್ಧವಾದುದು. ಅಡಿಗೆಮನೆಯ ಮಟ್ಟಿಗೆ ಈ ಮಾತು ಸತ್ಯ. ಅಷ್ಟೇ ಅಲ್ಲ, ಶಾಸ್ತ್ರಸಮ್ಮತವೂ ಹೌದು. ಒಂದೇ ಪಾತ್ರೆ, ಒಂದೇ ಜಾತಿಯ ಅಕ್ಕಿ, ಒಂದೇ ನೀರು, ಒಂದೇ ಉರಿ. ಅಗುಳು ಅಗುಳಿಗೆ ಹೆಚ್ಚಿನ ಭೇದವಿಲ್ಲದಿರುವುದರಿಂದಲೇ ಒಂದು ಅಗುಳು ಇಡೀ ಪಾತ್ರೆಯ ಪ್ರತಿನಿಧಿಯಾಗಬಲ್ಲದು. ಆದರೆ ಇದೇ ನ್ಯಾಯವನ್ನು ಹೊಲದ ಮಣ್ಣಿಗೆ ಅನ್ವಯಿಸಲಾಗದು. ಮಣ್ಣಿನ ಪರೀಕ್ಷೆಗೆಂದು ಹೊಲದ ಒಂದು ಮೂಲೆಯಿಂದ ಹಿಡಿ ಮಣ್ಣನ್ನು ಕಟ್ಟಿಕೊಂಡು ಹೋದ ರೈತನನ್ನು ಕೃಷಿ ತಜ್ಞರು ಹಿಂದಕ್ಕೆ ಕಳುಹಿಸುತ್ತಾರೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಹಲವು ಕಡೆ ಅಗೆದು, ತೆಗೆದ ಮಣ್ಣನ್ನೆಲ್ಲ ಬೆರೆಸಿ, ಅದರಲ್ಲಿ ಒಂದು ಪಾಲನ್ನು ತರುವಂತೆ ಅವರು ಹೇಳುತ್ತಾರೆ. ಏಕೆಂದರೆ ಹೊಲದ ಒಂದು ಕಡೆ ಇದ್ದ ಸತ್ತ್ವ ಇನ್ನೊಂದು ಕಡೆ ಇರಲಾರದು.

ಹಾಗಾದರೆ ಮನುಷ್ಯನ ಸ್ವಭಾವ ಅನ್ನದ ಪಾತ್ರೆಯಂಥದೋ, ಹೊಲದ ಮಣ್ಣಿನಂಥದೋ?

ಇದು ಕೇವಲ ತತ್ತ್ವಜಿಜ್ಞಾಸೆಯ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. ವೈದ್ಯಕೀಯವೇ ಮೊದಲಾದ ವೃತ್ತಿಶಿಕ್ಷಣಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂಬ ನಿರ್ಧಾರ ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಕೆನಡ, ಬ್ರಿಟನ್, ಆಸ್ಟ್ರೇಲಿಯ ಮುಂತಾದ ದೇಶಗಳ ಅನೇಕ ವೈದ್ಯಕೀಯ ಶಾಲೆಗಳು ಈಗ ಅಭ್ಯರ್ಥಿಗಳನ್ನು ಒಂದು ದೀರ್ಘ ಸಂದರ್ಶನದ ಬದಲು ಅನೇಕ ಚಿಕ್ಕ ಸಂದರ್ಶನಗಳಿಗೆ ಒಳಪಡಿಸುತ್ತವೆ. ಇದಕ್ಕೆ ‘ಮಲ್ಟಿಪಲ್ ಮಿನಿ ಇಂಟರ್‌ವ್ಯೂ’ ಎಂದು ಹೆಸರು. ನಾವು ಇದನ್ನು ‘ಬಹು ಕಿರುಸಂದರ್ಶನ’ ಎಂದು ಕರೆಯೋಣ. ಆ ದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ, ಇಲ್ಲಿಂದ ಅಲ್ಲಿಗೆ ಓದಲು ಹೋಗಬಯಸುವ ತರುಣ ತರುಣಿಯರೂ ಇದನ್ನು ಎದುರಿಸಬೇಕಾಗಿದೆ. ಇದಕ್ಕೆ ಸಿದ್ಧರಾಗುವುದು ಹೇಗೆ ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರಗಳನ್ನು ಮಾರುವವರು ಹುಟ್ಟಿಕೊಂಡಿದ್ದಾರೆ. ಈ ಸಿದ್ಧತೆಯ ನಿಜವಾದ ಅರ್ಥವೇನು, ಇಂಥ ಪದ್ಧತಿ ನಮ್ಮ ನಾಡಿಗೂ ಬೇಕೆ ಎಂಬ ಎರಡು ವಿಷಯಗಳಲ್ಲಿ ನಮ್ಮ ಅಭಿಪ್ರಾಯವನ್ನು ಇಲ್ಲಿ ನಿವೇದಿಸುತ್ತೇವೆ.

ಹಳೆಯ ಸಂದರ್ಶನದ ಕಥೆ

ಸಂದರ್ಶನದ ಸಮಸ್ಯೆ ನಮಗೆ ಹೊಸದಲ್ಲ. 1963ರಲ್ಲಿ ಅಂದಿನ ಮೈಸೂರು ಸರಕಾರ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಸಂದರ್ಶನವನ್ನು ಗೊತ್ತುಮಾಡಿ, ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡ 25ರಷ್ಟನ್ನು ಅದಕ್ಕೆ ಮೀಸಲಿಟ್ಟಿತು. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ವಿದ್ಯಾಭ್ಯಾಸ, ಎನ್.ಸಿ.ಸಿ., ಆಟ, ಸಮಾಜಸೇವೆ, ಚರ್ಚೆ, ನಾಟಕ ಇವೆಲ್ಲವನ್ನೂ ಸಂದರ್ಶಕರು ಅಳೆಯಬೇಕಾಗಿತ್ತು. ಇದನ್ನು ಪ್ರಶ್ನಿಸಿದ ಮೊಕದ್ದಮೆ ಚಿತ್ರಲೇಖ ಪ್ರಕರಣವೆಂದು ಹೆಸರಾಗಿದೆ. 1964ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಸಂದರ್ಶನವೆಂಬ ಪದ್ಧತಿ ತನ್ನಷ್ಟಕ್ಕೇ ಸಂವಿಧಾನಬಾಹಿರವಲ್ಲ, ಅದರ ದುರುಪಯೋಗವಾದರೆ ಅದು ಬೇರೆ ಮಾತು ಎಂಬ ಅರ್ಥದ ತೀರ್ಪನ್ನು ಕೊಟ್ಟಿತು.

ಆ ‘ಬೇರೆ ಮಾತು’ ಎಷ್ಟು ದೊಡ್ಡದೆಂಬುದು ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನ ಪ್ರವೇಶದ ವಿವಾದದಲ್ಲಿ ಬಯಲಾಯಿತು. ಅಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50 ಅಂಕ. ಸಂದರ್ಶನ ನಡೆದದ್ದು ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಮಾತ್ರ. ಕೇಳಿದ ಪ್ರಶ್ನೆಗಳೂ ಬಹುಮಟ್ಟಿಗೆ ತಂದೆ ಯಾರು, ಊರು ಯಾವುದು ಎಂಬಂಥವು ಎಂದು ಅಭ್ಯರ್ಥಿಗಳು ದೂರಿದರು. 1980ರ ಕೊನೆಯಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ಇಂಥ ಪ್ರವೇಶಗಳಲ್ಲಿ ಸಂದರ್ಶನಕ್ಕೆ ಒಟ್ಟು ಅಂಕಗಳ ಶೇಕಡ 15ಕ್ಕಿಂತ ಹೆಚ್ಚು ಕೊಡುವುದು ಸ್ವೇಚ್ಛಾಚಾರವಾಗುತ್ತದೆಂದು ಸಾರಿತು. ಎರಡು ನಿಮಿಷದ ಮಾತಿನಿಂದ ಎರಡು ವರ್ಷದ ಓದು ಅಳಿಸಿಹೋಗಬಾರದೆಂಬ ಕಾಳಜಿ ಅದರಲ್ಲಿದೆ.

ನ್ಯಾಯಾಲಯ ನೋಡಿದ್ದು ನ್ಯಾಯವನ್ನು. ವಿಜ್ಞಾನ ಕೇಳುವ ಪ್ರಶ್ನೆ ಇನ್ನೊಂದು: ಪಕ್ಷಪಾತವಿಲ್ಲದ, ಪ್ರಾಮಾಣಿಕರಾದ, ಅನುಭವಸ್ಥರಾದ ಸಂದರ್ಶಕರೇ ಕುಳಿತರೂ ಅವರು ಕೊಡುವ ಅಂಕಗಳಿಗೆ ಬೆಲೆಯುಂಟೆ? ಇದಕ್ಕೆ ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಆಕಸ್ಮಿಕವಾಗಿ ಒಂದು ಉತ್ತರ ದೊರೆಯಿತು. 1979ರಲ್ಲಿ ಹ್ಯೂಸ್ಟನ್ ನಗರದ ವೈದ್ಯಕೀಯ ಶಾಲೆಯೊಂದು ಸುಮಾರು 800 ಮಂದಿಯನ್ನು ಸಂದರ್ಶಿಸಿ, ಅವರನ್ನು ಶ್ರೇಣಿಯ ಪ್ರಕಾರ ಪಟ್ಟಿಮಾಡಿ, ಮೇಲಿನವರಿಂದ 150 ಮಂದಿಯನ್ನು ಸೇರಿಸಿಕೊಂಡಿತು. ಅಷ್ಟರಲ್ಲಿ ರಾಜ್ಯದ ಶಾಸನಸಭೆ ಇನ್ನೂ 50 ಸ್ಥಾನಗಳನ್ನು ತುಂಬಬೇಕೆಂದು ವಿಧಿಸಿತು. ಆ ವೇಳೆಗೆ ಪಟ್ಟಿಯ ಮೇಲಿನವರೆಲ್ಲ ಬೇರೆಡೆ ಸೇರಿಹೋಗಿದ್ದರು. ಉಳಿದಿದ್ದವರು ಪಟ್ಟಿಯ ಕೆಳತುದಿಯವರು, ಅಂದರೆ ಮೊದಲು ತಿರಸ್ಕೃತರಾದವರು. ಅನಿವಾರ್ಯವಾಗಿ ಅವರಿಂದಲೇ 50 ಮಂದಿಯನ್ನು ತೆಗೆದುಕೊಳ್ಳಬೇಕಾಯಿತು. ಮುಂದೆ ವರ್ಷಾನುವರ್ಷ ಎರಡು ಗುಂಪುಗಳ ಪ್ರಗತಿಯನ್ನೂ ಹೋಲಿಸಿ ನೋಡಲಾಯಿತು. ತರಗತಿಯಲ್ಲಾಗಲಿ, ಆಸ್ಪತ್ರೆಯ ತರಬೇತಿಯಲ್ಲಾಗಲಿ, ಪದವಿಯ ನಂತರದ ಮೊದಲ ವರ್ಷದ ಕೆಲಸದಲ್ಲಾಗಲಿ ಇವರಿಗೂ ಅವರಿಗೂ ಗಣನೀಯವಾದ ಅಂತರವೇ ಕಾಣಲಿಲ್ಲ! 1987ರಲ್ಲಿ ಈ ವರದಿ ಪ್ರಕಟವಾಯಿತು. ಆರಿಸಿದವರನ್ನೂ ತಿರಸ್ಕೃತರನ್ನೂ ಬೇರ್ಪಡಿಸಿದ ಆ ಗೆರೆಗೆ ಮುಂದಿನ ಬದುಕಿನಲ್ಲಿ ಅರ್ಥವೇ ಇರಲಿಲ್ಲವೆಂದಾಯಿತು. ಹಾಗಾದರೆ ಬೇರೆಲ್ಲೂ ಸ್ಥಾನ ಸಿಗದೆ ವೈದ್ಯವೃತ್ತಿಯ ಆಸೆಯನ್ನೇ ಬಿಟ್ಟ ಉಳಿದವರ ಗತಿಯೇನು? ಈ ಪ್ರಶ್ನೆ ನಮ್ಮನ್ನು ಕಾಡದಿರದು.

ಹೀಗೇಕಾಗುತ್ತದೆ? ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿಯೇ ಒಂದು ಕಾರಣವನ್ನು ತೋರಿಸಿದ್ದರು. ಸೈನ್ಯದ ಮೇಲಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ಶೀಲ ಇವುಗಳಿಗೆ ಬೇರೆ ಬೇರೆಯಾಗಿ ಅಂಕ ಕೊಡಬೇಕಾಗಿತ್ತು. ಆದರೆ ಒಂದರಲ್ಲಿ ಹೆಚ್ಚು ಅಂಕ ಪಡೆದವನಿಗೆ ಎಲ್ಲದರಲ್ಲಿಯೂ ಹೆಚ್ಚು ಅಂಕಗಳು ಬಂದಿದ್ದವು. ನೋಡುವವರ ಮನಸ್ಸಿನಲ್ಲಿ ಮೂಡಿದ ಮೊದಲ ಅಭಿಪ್ರಾಯ ದೇವರ ತಲೆಯ ಹಿಂದಿನ ಪ್ರಭಾವಳಿಯಂತೆ ಎಲ್ಲ ಗುಣಗಳ ಮೇಲೂ ಬೆಳಕು ಚೆಲ್ಲುತ್ತದೆ. ಸಂದರ್ಶನ ಅರ್ಧ ಗಂಟೆ ನಡೆದರೂ ತೀರ್ಮಾನ ಮೊದಲ ನಿಮಿಷಗಳಲ್ಲಿಯೇ ಮೊಳೆತಿರುವ ಸಂಭವ ಉಂಟು. ಉಳಿದ ವೇಳೆ ಆ ತೀರ್ಮಾನಕ್ಕೆ ಸಾಕ್ಷಿ ಹುಡುಕುವುದರಲ್ಲಿ ಕಳೆದುಹೋಗುತ್ತದೆ.

ಎರಡನೆಯ ಕಾರಣ ಇನ್ನೂ ಆಳವಾದುದು. ಮನುಷ್ಯನ ನಡತೆ ಸಂದರ್ಭದಿಂದ ಸಂದರ್ಭಕ್ಕೆ ಬದಲಾಗುತ್ತದೆ. ಸಭೆಯಲ್ಲಿ ನಿರರ್ಗಳವಾಗಿ ಮಾತನಾಡುವವನು ಅಳುತ್ತಿರುವ ಒಬ್ಬ ತಾಯಿಯ ಮುಂದೆ ತಡವರಿಸಬಹುದು. ತರಗತಿಯಲ್ಲಿ ಬಾಯಿಬಿಡದ ಹುಡುಗಿ ಅಪಘಾತದ ಸ್ಥಳದಲ್ಲಿ ಎಲ್ಲರಿಗಿಂತ ಮೊದಲು ಮುನ್ನುಗ್ಗಬಹುದು. ಒಂದು ಸಂದರ್ಭದಲ್ಲಿ ಕಂಡ ಗುಣ ಇನ್ನೊಂದರಲ್ಲಿ ಕಾಣುವುದೆಂಬ ಭರವಸೆಯಿಲ್ಲ. ಅಂದರೆ ಮನುಷ್ಯ ಅನ್ನದ ಪಾತ್ರೆಯಲ್ಲ, ಹೊಲದ ಮಣ್ಣು.

ಹ್ಯಾಮಿಲ್ಟನ್ನಿನ ಉಪಾಯ

ಕೆನಡ ದೇಶದ ಆಂಟೇರಿಯೊ ಪ್ರಾಂತದಲ್ಲಿ ಹ್ಯಾಮಿಲ್ಟನ್ ಎಂಬ ನಗರವಿದೆ. ಅಲ್ಲಿಯ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಕೆವಿನ್ ಈವಾ, ಹೆರಾಲ್ಡ್ ರೈಟರ್, ಜೆಫ್ರಿ ನಾರ್ಮನ್ ಮೊದಲಾದವರು ಈ ಶತಮಾನದ ಮೊದಲ ವರ್ಷಗಳಲ್ಲಿ ಒಂದು ಉಪಾಯವನ್ನು ಯೋಚಿಸಿದರು. ಅದರ ಬೀಜ ಸ್ಕಾಟ್‌ಲೆಂಡಿನಿಂದ ಬಂದುದು. ಡಂಡಿ ನಗರದ ರೊನಾಲ್ಡ್ ಹಾರ್ಡನ್ ಮತ್ತು ಅವರ ಸಂಗಡಿಗರು 1975ರಲ್ಲಿ ವೈದ್ಯವಿದ್ಯಾರ್ಥಿಗಳಿಗಾಗಿ ಒಂದು ಹೊಸ ಬಗೆಯ ಪ್ರಾಯೋಗಿಕ ಪರೀಕ್ಷೆಯನ್ನು ಪ್ರಕಟಿಸಿದ್ದರು. ಒಬ್ಬ ರೋಗಿ, ಒಬ್ಬ ಪರೀಕ್ಷಕ ಎಂಬ ಹಳೆಯ ಕ್ರಮವನ್ನು ಬಿಟ್ಟು, ವಿದ್ಯಾರ್ಥಿ ಒಂದಾದಮೇಲೊಂದರಂತೆ ಅನೇಕ ಘಟ್ಟಗಳನ್ನು ಹಾಯ್ದು ಹೋಗುವ, ಒಂದೊಂದು ಘಟ್ಟದಲ್ಲಿಯೂ ಒಂದೊಂದು ಬೇರೆ ಕೆಲಸವನ್ನು ಮಾಡಿ ತೋರಿಸುವ ಪರೀಕ್ಷೆಯದು. ಅದೇ ಕ್ರಮವನ್ನು ಹ್ಯಾಮಿಲ್ಟನ್ನಿನವರು ಪ್ರವೇಶದ ಸಂದರ್ಶನಕ್ಕೆ ಅಳವಡಿಸಿದರು. 2004ರಲ್ಲಿ ಅವರ ಲೇಖನ ಪ್ರಕಟವಾಯಿತು.

ಅದರ ವ್ಯವಸ್ಥೆ ಹೀಗೆ: ಸಾಲಾಗಿ ಹತ್ತು ಕೊಠಡಿಗಳು. ಪ್ರತಿಯೊಂದರ ಬಾಗಿಲಿನ ಮೇಲೂ ಒಂದು ಸನ್ನಿವೇಶವನ್ನು ಬರೆದು ಅಂಟಿಸಿರುತ್ತಾರೆ. ಅಭ್ಯರ್ಥಿ ಅದನ್ನು ಎರಡು ನಿಮಿಷ ಓದಿ ಯೋಚಿಸಬಹುದು. ಗಂಟೆ ಬಾರಿಸಿದೊಡನೆ ಒಳಗೆ ಹೋಗಿ ಎಂಟು ನಿಮಿಷ ಉತ್ತರಿಸಬೇಕು ಅಥವಾ ಕೆಲಸ ಮಾಡಬೇಕು. ಮತ್ತೆ ಗಂಟೆಯಾದರೆ ಮಾತು ಅರ್ಧಕ್ಕೆ ನಿಂತಿದ್ದರೂ ಮುಂದಿನ ಬಾಗಿಲಿಗೆ ಹೋಗತಕ್ಕದ್ದು. ಒಂದೊಂದು ಕೊಠಡಿಯಲ್ಲಿಯೂ ಬೇರೆ ಬೇರೆ ಪರೀಕ್ಷಕರು. ಒಬ್ಬರು ಕೊಟ್ಟ ಅಂಕ ಇನ್ನೊಬ್ಬರಿಗೆ ತಿಳಿಯದು. ಘಟ್ಟಗಳ ಸಂಖ್ಯೆ, ಕಾಲಾವಧಿಗಳು ಇತರ ಶಾಲೆಗಳಲ್ಲಿ ಸ್ವಲ್ಪ ಬೇರೆಯಾಗಿರಬಹುದು. ತತ್ತ್ವ ಮಾತ್ರ ಒಂದೇ.

ಕೇಳುವ ವಿಷಯಗಳಾದರೂ ಎಂಥವು? ಆ ಲೇಖನದಲ್ಲಿ ಉದಾಹರಿಸಿದ ಒಂದು ಸನ್ನಿವೇಶದಲ್ಲಿ ವೈದ್ಯನೊಬ್ಬ ತನಗೇ ನಂಬಿಕೆಯಿಲ್ಲದ ಔಷಧವನ್ನು, ಅದರಿಂದ ಕೇಡಿಲ್ಲ, ರೋಗಿಗೆ ಸಮಾಧಾನವಾದರೂ ಆದೀತು ಎಂದು ಕೊಡುತ್ತಿದ್ದಾನೆ. ಇದರಲ್ಲಿರುವ ನೈತಿಕ ತೊಡಕುಗಳೇನು ಎಂಬುದನ್ನು ಅಭ್ಯರ್ಥಿ ವಿಚಾರಿಸಬೇಕು. ಇನ್ನೊಂದರಲ್ಲಿ ಒಳಗೆ ಒಬ್ಬ ನಟಿ ಕುಳಿತಿರುತ್ತಾಳೆ. ಅವಳು ನಿಮ್ಮ ಸಹೋದ್ಯೋಗಿ. ಇಬ್ಬರೂ ಕೂಡಲೆ ವಿಮಾನ ಹತ್ತಿ ಮುಖ್ಯವಾದ ಸಭೆಗೆ ಹೋಗಬೇಕು. ಆದರೆ ವಿಮಾನವೆಂದರೆ ಆಕೆಗೆ ಭಯ ಹತ್ತಿಕೊಂಡಿದೆ. ಅವಳೊಡನೆ ನೀವು ಹೇಗೆ ಮಾತನಾಡುತ್ತೀರೆಂಬುದನ್ನು ಪರೀಕ್ಷಕರು ಮೂಲೆಯಲ್ಲಿ ಕುಳಿತು ಮೌನವಾಗಿ ನೋಡುತ್ತಾರೆ. ಇಲ್ಲಿ ಜೀವಶಾಸ್ತ್ರದ ಪಾಠವನ್ನು ಯಾರೂ ಕೇಳುವುದಿಲ್ಲ. ಅದನ್ನು ಅಂಕಪಟ್ಟಿ ಆಗಲೇ ಹೇಳಿದೆ.

ಹತ್ತು ಘಟ್ಟಗಳೇ ಏಕೆ ಬೇಕು? ಇಲ್ಲಿ ಸ್ವಲ್ಪ ಗಣಿತವುಂಟು. ಅಳತೆಯ ವಿಶ್ವಸನೀಯತೆಯನ್ನು 0ಯಿಂದ 1ರವರೆಗಿನ ಒಂದು ಸಂಖ್ಯೆಯಿಂದ ಸೂಚಿಸುವ ರೂಢಿಯಿದೆ. ಅಳತೆ ಬರಿಯ ಜೂಜಾದರೆ 0. ಎಷ್ಟು ಬಾರಿ ಅಳೆದರೂ ಅಭ್ಯರ್ಥಿಗಳ ಶ್ರೇಣಿ ಕದಲದಿದ್ದರೆ 1. ಹ್ಯಾಮಿಲ್ಟನ್ನಿನಲ್ಲಿ 117 ಅಭ್ಯರ್ಥಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಹತ್ತು ಘಟ್ಟಗಳ ಒಟ್ಟು ವಿಶ್ವಸನೀಯತೆ 0.65 ಎಂದು ಕಂಡುಬಂದಿತು. ಸ್ಪಿಯರ್‌ಮನ್ ಮತ್ತು ಬ್ರೌನ್ ಎಂಬ ಇಬ್ಬರು 1910ರಲ್ಲಿ ಬೇರೆ ಬೇರೆಯಾಗಿ ಪ್ರಕಟಿಸಿದ ಸೂತ್ರವೊಂದರಿಂದ ನಾವೇ ಲೆಕ್ಕಹಾಕಿ ನೋಡಬಹುದು: ಹತ್ತು ಸೇರಿ 0.65 ಆಗಬೇಕಾದರೆ ಅವುಗಳಲ್ಲಿ ಒಂದೊಂದರ ಬೆಲೆ ಸುಮಾರು 0.16 ಮಾತ್ರ! ಎಂದರೆ ಒಂದು ಕೊಠಡಿಯಲ್ಲಿ ಒಬ್ಬರು ಕೊಟ್ಟ ಅಂಕದಲ್ಲಿ ಅಭ್ಯರ್ಥಿಯ ನೈಜ ಗುಣದ ಪಾಲು ಆರರಲ್ಲಿ ಒಂದಕ್ಕೂ ಕಡಿಮೆ. ಉಳಿದುದೆಲ್ಲ ಆ ಪ್ರಶ್ನೆ, ಆ ಪರೀಕ್ಷಕ, ಆ ಗಳಿಗೆ ಇವುಗಳ ಪ್ರಭಾವ. ಹತ್ತು ಸ್ವತಂತ್ರ ಅಳತೆಗಳನ್ನು ಕೂಡಿಸಿದಾಗ ಒಂದರ ತಪ್ಪನ್ನು ಇನ್ನೊಂದು ತಿದ್ದುತ್ತದೆ. ಒಂದು ಘಟ್ಟದಲ್ಲಿ ಎಡವಿದವನಿಗೆ ಇನ್ನೂ ಒಂಬತ್ತು ಅವಕಾಶಗಳಿವೆ ಎಂಬುದು ಈ ಗಣಿತದ ಮಾನವೀಯ ಮುಖ.

ಹೀಗೆ ಆರಿಸಿದವರು ಮುಂದೆ ಹೇಗಾದರು? 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪದ್ಧತಿಯಿಂದ ಮ್ಯಾಕ್‌ಮಾಸ್ಟರಿನಲ್ಲಿ ಸ್ಥಾನ ಪಡೆದವರನ್ನೂ, ಅಲ್ಲಿ ತಿರಸ್ಕೃತರಾಗಿ ಬೇರೆ ಶಾಲೆಗಳಲ್ಲಿ ಓದಿದವರನ್ನೂ ಹೋಲಿಸಿತು. ಕೆನಡದ ವೈದ್ಯರು ವೃತ್ತಿಯ ಪರವಾನಗಿಗಾಗಿ ಕೊಡಬೇಕಾದ ರಾಷ್ಟ್ರೀಯ ಪರೀಕ್ಷೆಗಳಲ್ಲಿ ಮೊದಲನೆಯವರ ಅಂಕಗಳು ಹೆಚ್ಚಾಗಿದ್ದವು. ಹ್ಯೂಸ್ಟನ್ನಿನಲ್ಲಿ ಅರ್ಥಹೀನವಾಗಿದ್ದ ಗೆರೆ ಇಲ್ಲಿ ತಕ್ಕಮಟ್ಟಿಗಾದರೂ ಅರ್ಥವನ್ನು ಪಡೆದಿತ್ತು.

ಸಿದ್ಧತೆ ಎಂದರೇನು?

ಪರೀಕ್ಷೆಯಿದ್ದಲ್ಲಿ ಮನೆಪಾಠ ಹುಟ್ಟುವುದು ಲೋಕರೂಢಿ. ಬಹು ಕಿರುಸಂದರ್ಶನಕ್ಕೂ ದುಬಾರಿ ಶುಲ್ಕದ ತರಬೇತಿಗಳು, ಸಿದ್ಧ ಉತ್ತರಗಳ ಪುಸ್ತಕಗಳು ಬಂದಿವೆ. ಇವುಗಳಿಂದ ಪ್ರಯೋಜನವುಂಟೆ? ಆಸ್ಟ್ರೇಲಿಯದ ಒಂದು ವೈದ್ಯಕೀಯ ಶಾಲೆಯ ಅಭ್ಯರ್ಥಿಗಳನ್ನು ಕುರಿತ 2008ರ ಅಧ್ಯಯನದಲ್ಲಿ, ಹಣ ತೆತ್ತು ತರಬೇತಿ ಪಡೆದವರು ಕಿರುಸಂದರ್ಶನದಲ್ಲಿ ಉಳಿದವರಿಗಿಂತ ಮೇಲೇನೂ ಆಗಿರಲಿಲ್ಲ. ಘಟ್ಟಗಳ ವಿಷಯ ಮುಂಚಿತವಾಗಿ ತಿಳಿದುಹೋದರೆ ಅಂಕ ಏರುವುದೇ ಎಂಬುದನ್ನು ಹ್ಯಾಮಿಲ್ಟನ್ನಿನವರು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಪರಿಶೀಲಿಸಿದರು. ಗಮನಾರ್ಹವಾದ ಏರಿಕೆ ಕಾಣಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಪ್ರಶ್ನೆ ಏನೆಂದು ತಿಳಿದಮಾತ್ರಕ್ಕೆ, ಎದುರಿಗಿರುವವರು ಮರುಪ್ರಶ್ನೆ ಹಾಕಿದಾಗ ಯೋಚಿಸುವ ಶಕ್ತಿ ಬಂದುಬಿಡುವುದಿಲ್ಲ.

ಒಂದು ಉದಾಹರಣೆಯನ್ನು ನಾವೇ ಕಲ್ಪಿಸಿ ನೋಡೋಣ. ಬಾಗಿಲಿನ ಮೇಲೆ ಹೀಗೆ ಬರೆದಿದೆ: “ನಿಮ್ಮ ಸಹಪಾಠಿ ಪ್ರಯೋಗಶಾಲೆಯಲ್ಲಿ ತಾನು ಅಳೆಯದ ಅಂಕಿಗಳನ್ನು ಅಳೆದಂತೆ ಬರೆದುದನ್ನು ನೀವು ಕಂಡಿರಿ. ಅವನ ವಿದ್ಯಾರ್ಥಿವೇತನ ಈ ಪರೀಕ್ಷೆಯ ಫಲವನ್ನು ಅವಲಂಬಿಸಿದೆ. ನೀವೇನು ಮಾಡುವಿರಿ?”

ಬಾಯಿಪಾಠ ಮಾಡಿದವನು ಒಳಗೆ ಹೋದೊಡನೆ ವೈದ್ಯಕೀಯ ನೀತಿಯ ನಾಲ್ಕು ತತ್ತ್ವಗಳನ್ನು ಒಪ್ಪಿಸುತ್ತಾನೆ: ರೋಗಿಯ ಸ್ವಾಯತ್ತತೆ, ಹಿತವನ್ನು ಮಾಡುವುದು, ಅಹಿತವನ್ನು ಮಾಡದಿರುವುದು, ನ್ಯಾಯ. ಬೋಶಾಂ ಮತ್ತು ಚಿಲ್ಡ್ರೆಸ್ ಎಂಬ ವಿದ್ವಾಂಸರು 1979ರ ತಮ್ಮ ಗ್ರಂಥದಲ್ಲಿ ವಿವರಿಸಿದ ಈ ತತ್ತ್ವಗಳು ಅಮೂಲ್ಯವಾದವು. ಆದರೆ ಅವುಗಳ ಹೆಸರು ಹೇಳುವುದು, ನಕ್ಷೆಯ ಮೇಲೆ ಬೆರಳಿಟ್ಟು ಊರು ತಲಪಿದೆವೆಂದು ತಿಳಿದಂತೆ. ಆ ಬಳಿಕ ಅವನು “ಪ್ರಾಮಾಣಿಕತೆಯೇ ಮುಖ್ಯ, ಆದ್ದರಿಂದ ಅಧ್ಯಾಪಕರಿಗೆ ತಿಳಿಸುತ್ತೇನೆ” ಎಂದು ಮುಗಿಸುತ್ತಾನೆ. ಇನ್ನೂ ಆರು ನಿಮಿಷಗಳು ಉಳಿದಿರುತ್ತವೆ. ಹೇಳಲು ಏನೂ ಉಳಿದಿರುವುದಿಲ್ಲ.

ಯೋಚಿಸುವ ಅಭ್ಯಾಸವುಳ್ಳವಳು ಬೇರೆ ರೀತಿಯಲ್ಲಿ ತೊಡಗುತ್ತಾಳೆ. ತಾನು ಕಂಡದ್ದು ನಿಜವಾಗಿ ಏನು? ಅವನು ಬೇರೆ ವೇಳೆಯಲ್ಲಿ ಅಳೆದಿದ್ದ ಅಂಕಿಗಳನ್ನು ನಕಲು ಮಾಡುತ್ತಿದ್ದನೇ? ಮೊದಲು ಅವನನ್ನೇ ಕೇಳುವುದು ಉಚಿತವಲ್ಲವೆ? ತಪ್ಪೆಂದೇ ಖಚಿತವಾದರೆ, ತಾನೇ ಹೋಗಿ ಒಪ್ಪಿಕೊಂಡು ಪ್ರಯೋಗವನ್ನು ಮತ್ತೆ ಮಾಡಲು ಅವನನ್ನು ಪ್ರೇರಿಸಬಹುದೇ? ಅವನು ಒಪ್ಪದಿದ್ದರೆ? ಸುಮ್ಮನಿದ್ದರೆ ಯಾರಿಗೆ ನಷ್ಟ? ಅದೇ ವಿದ್ಯಾರ್ಥಿವೇತನಕ್ಕೆ ಕಾದಿರುವ ಇನ್ನೊಬ್ಬ ಬಡ ವಿದ್ಯಾರ್ಥಿಗೆ. ಇಂದು ಪ್ರಯೋಗದ ಅಂಕಿಯನ್ನು ಕಲ್ಪಿಸಿ ಬರೆದವನು ನಾಳೆ ರೋಗಿಯ ರಕ್ತದೊತ್ತಡವನ್ನೂ ಕಲ್ಪಿಸಿ ಬರೆಯಲಾರನೇ? ಹೀಗೆ ಎಲ್ಲವನ್ನೂ ತೂಗಿ, ಅವಳೂ ಕೊನೆಗೆ ಅಧ್ಯಾಪಕರಿಗೆ ತಿಳಿಸುವ ನಿರ್ಧಾರಕ್ಕೇ ಬರಬಹುದು. ತೀರ್ಮಾನ ಒಂದೇ, ಆದರೆ ಒಬ್ಬನದು ಕಂಠಸ್ಥ, ಇನ್ನೊಬ್ಬಳದು ಹೃದಯಸ್ಥ. ಪರೀಕ್ಷಕರು ಅಳೆಯಬಯಸುವುದು ಈ ಅಂತರವನ್ನೇ.

ಆದುದರಿಂದ ಸಿದ್ಧತೆ ಬೇಡವೆಂದು ನಾವು ಹೇಳುವುದಿಲ್ಲ. ಸರಿಯಾದ ಸಿದ್ಧತೆ ಬೇಕೆನ್ನುತ್ತೇವೆ. ಮೊದಲನೆಯದಾಗಿ, ಪದ್ಧತಿಯ ಪರಿಚಯ ಮಾಡಿಕೊಳ್ಳುವುದು ಯುಕ್ತ. ಇಬ್ಬರು ಮೂವರು ಗೆಳೆಯರು ಸೇರಿ, ಗಡಿಯಾರವನ್ನು ಮುಂದಿಟ್ಟುಕೊಂಡು, ಎರಡು ನಿಮಿಷ ಓದಿ ಎಂಟು ನಿಮಿಷ ಮಾತನಾಡುವ ಅಭ್ಯಾಸ ಮಾಡಿದರೆ ಗಂಟೆಯ ಸದ್ದಿಗೆ ಬೆಚ್ಚುವುದು ತಪ್ಪುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ. ಎರಡನೆಯದಾಗಿ, ಓದುವ ಎರಡು ನಿಮಿಷಗಳಲ್ಲಿ ನಾಲ್ಕು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳುವ ರೂಢಿ ಒಳ್ಳೆಯದು: ಇಲ್ಲಿ ಕೇಳಿರುವುದೇನು? ಇದರಿಂದ ಬಾಧಿತರಾಗುವವರು ಯಾರು ಯಾರು? ನನಗೆ ತಿಳಿಯದಿರುವ ಸಂಗತಿ ಯಾವುದು? ಯಾವ ಸಂಗತಿ ತಿಳಿದರೆ ನನ್ನ ಅಭಿಪ್ರಾಯ ಬದಲಾಗುತ್ತದೆ? ಈ ಕೊನೆಯ ಪ್ರಶ್ನೆ ವಿಜ್ಞಾನಿಯ ಪ್ರಶ್ನೆ. ಅದನ್ನು ಕೇಳಿಕೊಳ್ಳಬಲ್ಲವರು ಹಟಮಾರಿಗಳಾಗುವುದಿಲ್ಲ.

ಮೂರನೆಯದಾಗಿ, ಕೇಳುವ ಕಲೆ. ನಟಿಯಿರುವ ಘಟ್ಟದಲ್ಲಿ ಅನೇಕರು ಸೋಲುವುದು ಬುದ್ಧಿವಾದ ಹೇಳುವ ಆತುರದಿಂದ. ಭಯಪಟ್ಟವರಿಗೆ “ಭಯಪಡಬೇಡಿ, ವಿಮಾನಾಪಘಾತಗಳು ಬಹು ವಿರಳ” ಎಂದು ಅಂಕಿ ಅಂಶ ಹೇಳುವುದು ಸತ್ಯವಾದರೂ ಉಪಕಾರವಲ್ಲ. ಏನಾಯಿತೆಂದು ಕೇಳಿ, ಒಂದು ಕ್ಷಣ ಸುಮ್ಮನಿದ್ದು, ಆಕೆ ಹೇಳಿದುದನ್ನು ಅರ್ಥಮಾಡಿಕೊಂಡೆನೆಂದು ತೋರಿಸಿದ ಮೇಲೆ ಉಪಾಯದ ಮಾತು. ಇದನ್ನು ಮನೆಯಲ್ಲಿಯೇ ಅಭ್ಯಾಸ ಮಾಡಬಹುದು. ಅಜ್ಜಿಯ ಮಂಡಿನೋವಿನ ವಿಚಾರವನ್ನು ನಡುವೆ ಬಾಯಿಹಾಕದೆ ಐದು ನಿಮಿಷ ಕೇಳಿ ನೋಡಿ. ಎಷ್ಟು ಕಷ್ಟವೆಂಬುದು ತಿಳಿದೀತು! ನಾಲ್ಕನೆಯದಾಗಿ, ವರ್ತಮಾನ ಪತ್ರಿಕೆಗಳನ್ನು ಓದುವುದು, ಸಾರ್ವಜನಿಕ ಆರೋಗ್ಯದ ಪ್ರಶ್ನೆಗಳಲ್ಲಿ ಎರಡೂ ಕಡೆಯ ವಾದಗಳನ್ನು ತಿಳಿಯುವುದು, ಸಾಧ್ಯವಾದರೆ ವೃದ್ಧರ ಅಥವಾ ರೋಗಿಗಳ ಸೇವೆಯಲ್ಲಿ ಕೆಲವು ದಿನಗಳನ್ನು ಕಳೆಯುವುದು. ಅರ್ಜಿಯಲ್ಲಿ ಬರೆಯುವುದಕ್ಕಾಗಿ ಮಾಡಿದ ಸೇವೆ ಮರುಪ್ರಶ್ನೆಯ ಮುಂದೆ ನಿಲ್ಲದು. ಮನಸ್ಸಿಟ್ಟು ಮಾಡಿದ ಒಂದು ದಿನದ ಕೆಲಸವೂ ಹೇಳಲು ನೂರು ಮಾತು ಕೊಡುತ್ತದೆ.

ನಮ್ಮ ನಾಡಿಗೆ ಬೇಕೆ?

ನಮ್ಮ ದೇಶದಲ್ಲಿ ವೈದ್ಯಕೀಯ ಪ್ರವೇಶ ‘ನೀಟ್’ ಎಂಬ ಒಂದೇ ರಾಷ್ಟ್ರೀಯ ಪರೀಕ್ಷೆಯನ್ನು ಆಧರಿಸಿದೆ. 2025ರಲ್ಲಿ ನಡೆದ ಪರೀಕ್ಷೆಯಲ್ಲಿ 3 ಗಂಟೆಗಳು, 180 ಪ್ರಶ್ನೆಗಳು, 720 ಅಂಕಗಳು. ಭೌತ, ರಸಾಯನ, ಜೀವಶಾಸ್ತ್ರಗಳ ಜ್ಞಾನವನ್ನು ಅದು ಅಳೆಯುತ್ತದೆ. ಅಭ್ಯರ್ಥಿಗೆ ಕರುಣೆಯುಂಟೆ, ತಾಳ್ಮೆಯುಂಟೆ, ತಪ್ಪನ್ನು ಒಪ್ಪಿಕೊಳ್ಳುವ ಧೈರ್ಯವುಂಟೆ ಎಂದು ಕೇಳುವುದಿಲ್ಲ. ಈ ಕೊರತೆಯನ್ನು ಕಂಡು, ಬಹು ಕಿರುಸಂದರ್ಶನವನ್ನು ಇಲ್ಲಿಯೂ ತರಬೇಕೆಂದು ಕೆಲವರು ಹೇಳುವುದುಂಟು. ಅವರ ಉದ್ದೇಶವನ್ನು ನಾವು ಗೌರವಿಸುತ್ತೇವೆ. ಆದರೆ ಅವಸರವನ್ನು ಒಪ್ಪುವುದಿಲ್ಲ.

ಕಾರಣಗಳು ಸ್ಪಷ್ಟವಾಗಿವೆ. ಮೊದಲನೆಯದು ಪದ್ಧತಿಯದೇ ಮಿತಿ. 0.65 ಎಂಬುದು 1 ಅಲ್ಲ. ಕ್ಯಾಲಿಫೋರ್ನಿಯದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಹಿರ್ಮುಖ ಸ್ವಭಾವದವರಿಗೆ ಈ ಸಂದರ್ಶನದಲ್ಲಿ ಹೆಚ್ಚು ಅಂಕಗಳು ಬಂದುದು ಕಂಡಿತು. ಮಾತುಗಾರರೆಲ್ಲ ಒಳ್ಳೆಯ ವೈದ್ಯರಲ್ಲ, ಮಿತಭಾಷಿಗಳೆಲ್ಲ ನಿರ್ದಯರಲ್ಲ. ನಾವೆಲ್ಲರೂ ಕಂಡಿರುವ ಒಳ್ಳೆಯ ವೈದ್ಯರಲ್ಲಿ ಎಷ್ಟು ಮಂದಿ ಮೌನಿಗಳಿಲ್ಲ! ಎರಡನೆಯದು ಸಂಖ್ಯೆ. ನೀಟ್ ಬರೆಯುವವರು ವರ್ಷಕ್ಕೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಆರಿಸಿದ ಕೆಲವರನ್ನು ಮಾತ್ರ ಸಂದರ್ಶಿಸುವುದಾದರೂ, ಹತ್ತು ಕೊಠಡಿಗಳಿಗೆ ಹತ್ತು ಮಂದಿ ತರಬೇತಾದ, ನಿಷ್ಪಕ್ಷಪಾತಿಗಳಾದ ಪರೀಕ್ಷಕರನ್ನು ಊರೂರಿಗೆ ಒದಗಿಸಬೇಕು. ಮೂರನೆಯದು, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು, ಭಾಷೆ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಸಂದರ್ಶನ ಇಂಗ್ಲಿಷಿನಲ್ಲಿ ನಡೆದರೆ, ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದವಳ ವಿವೇಕ ಅವಳ ವ್ಯಾಕರಣದ ತಪ್ಪುಗಳಲ್ಲಿ ಹೂತುಹೋದೀತು. ಅವಳು ಮುಂದೆ ಚಿಕಿತ್ಸೆ ಮಾಡಬೇಕಾದ ರೋಗಿಗಳಾದರೋ ಕನ್ನಡದಲ್ಲಿ ನರಳುವವರು! ಥಾರ್ನ್‌ಡೈಕ್ ತೋರಿಸಿದ ಪ್ರಭಾವಳಿ ನಮ್ಮಲ್ಲಿ ಅನೇಕ ವೇಳೆ ಇಂಗ್ಲಿಷಿನ ಉಚ್ಚಾರಣೆಯ ಸುತ್ತ ಬೆಳಗುತ್ತದೆಂಬುದನ್ನು ಮರೆಯಬಾರದು.

2019ರಲ್ಲಿ ನಮ್ಮ ವೈದ್ಯಕೀಯ ಪಠ್ಯಕ್ರಮವನ್ನು ಪರಿಷ್ಕರಿಸಿದಾಗ, ಮನೋಭಾವ, ನೀತಿ, ಸಂವಹನ ಇವುಗಳ ಪಾಠವನ್ನು ಮೊದಲ ವರ್ಷದಿಂದಲೇ ಸೇರಿಸಲಾಯಿತು. ಸ್ವಭಾವವನ್ನು ಬಾಗಿಲಲ್ಲಿ ಅಳೆಯುವ ಬದಲು ಒಳಗೆ ಕರೆದು ತಿದ್ದುವ ಮಾರ್ಗವಿದು. ಶ್ರದ್ಧೆಯಿಂದ ಕಲಿಸಿದರೆ ಇದು ಒಳ್ಳೆಯ ಮಾರ್ಗ. ಹಾಜರಿ ಪುಸ್ತಕಕ್ಕಾಗಿ ಕಲಿಸಿದರೆ ವ್ಯರ್ಥ. ಮುಂದೆಂದಾದರೂ ಸಂದರ್ಶನವೇ ಬರುವುದಾದರೆ ನಮ್ಮ ಬೇಡಿಕೆಗಳು ಇಷ್ಟು: ಅಭ್ಯರ್ಥಿ ತನ್ನ ಭಾಷೆಯಲ್ಲಿ ಮಾತನಾಡುವಂತಿರಬೇಕು, ಸನ್ನಿವೇಶಗಳು ಹಳ್ಳಿಯ ಆಸ್ಪತ್ರೆಯ ಜಗಲಿಯಿಂದಲೂ ಬರಬೇಕು, ಹೆಸರು, ಜಾತಿ, ಊರು ಪರೀಕ್ಷಕರಿಗೆ ತಿಳಿಯಕೂಡದು, ಅಂಕಗಳ ಪಾಲು ಮಿತವಾಗಿರಬೇಕು, ಮೊದಲು ಒಂದೆರಡು ಕಾಲೇಜುಗಳಲ್ಲಿ ಪ್ರಯೋಗ ನಡೆದು ಅದರ ಫಲ ಬಹಿರಂಗವಾಗಬೇಕು. ಯಾವ ಕಾರಣಕ್ಕೂ ಒಂದು ಕೊಠಡಿ, ಒಂದು ಮೇಜು, ಎರಡು ನಿಮಿಷದ ಹಳೆಯ ಸಂದರ್ಶನ ಹೊಸ ಹೆಸರಿನಲ್ಲಿ ಹಿಂದಿರುಗಬಾರದು.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೊನೆಯ ಮಾತು. ನೀವು ಹ್ಯಾಮಿಲ್ಟನ್ನಿಗೆ ಹೋಗದಿರಬಹುದು. ಗಂಟೆ ಬಾರಿಸುವ ಬಾಗಿಲುಗಳನ್ನು ಎಂದೂ ಕಾಣದಿರಬಹುದು. ಆದರೆ ವೈದ್ಯರಾಗಲಿ, ಎಂಜಿನಿಯರಾಗಲಿ, ಉಪಾಧ್ಯಾಯರಾಗಲಿ ಆದ ದಿನದಿಂದ ನಿಮ್ಮ ಬಾಗಿಲಿಗೆ ಒಬ್ಬರಾದ ಮೇಲೊಬ್ಬರು ಬರತೊಡಗುತ್ತಾರೆ. ಒಬ್ಬೊಬ್ಬರಿಗೂ ದೊರೆಯುವುದು ನಿಮ್ಮ ಕೆಲವು ನಿಮಿಷಗಳು. ಒಬ್ಬನಿಗೆ ಸತ್ಯವನ್ನು ಹೇಳಬೇಕು, ಒಬ್ಬಳಿಗೆ ಧೈರ್ಯವನ್ನು ಹೇಳಬೇಕು, ಇನ್ನೊಬ್ಬರ ಮುಂದೆ “ನನಗೆ ತಿಳಿಯದು” ಎಂದು ಒಪ್ಪಿಕೊಳ್ಳಬೇಕು. ಆ ಕಿರುಸಂದರ್ಶನಗಳಿಗೆ ಪರೀಕ್ಷಕರಿಲ್ಲ, ಅಂಕಗಳಿಲ್ಲ. ಫಲವನ್ನು ಅನುಭವಿಸುವವರು ಮಾತ್ರ ಇದ್ದಾರೆ. ಅದಕ್ಕೆ ಸಿದ್ಧತೆಯನ್ನು ಇಂದೇ, ಪಕ್ಕದಲ್ಲಿ ಕುಳಿತಿರುವ ಸಹಪಾಠಿಯ ಮಾತನ್ನು ಪೂರ್ತಿಯಾಗಿ ಕೇಳುವುದರಿಂದ ಆರಂಭಿಸಬಹುದು.